ಮೊಣಕಾಲು ಕೈಕೊಟ್ಟರೂ ಮೈದಾನ ಬಿಡಲಿಲ್ಲ

1952ರ ಜುಲೈ. ಫಿನ್ಲೆಂಡ್‌ನ ತಾಂಪೆರೆ ನಗರದಲ್ಲಿ ಒಲಿಂಪಿಕ್ ಫುಟ್‌ಬಾಲ್ ಪಂದ್ಯ. ಯುಗೊಸ್ಲಾವಿಯಾ ಎದುರು ಸೋವಿಯತ್ ಒಕ್ಕೂಟ 1–5ರಿಂದ ಹಿಂದೆ ಬಿದ್ದಿತ್ತು. ಆಟ ಮುಗಿಯಲು ಉಳಿದಿದ್ದು ಸುಮಾರು 15 ನಿಮಿಷ. ನಾವಾಗಿದ್ದರೆ ಟಿ.ವಿ. ಆಫ್ ಮಾಡಿ ಮಲಗುತ್ತಿದ್ದೆವು. ಆದರೆ ನಾಯಕ ವ್ಸೆವೊಲೊದ್ ಬೊಬ್ರೊವ್ ಪಟ್ಟು ಬಿಡಲಿಲ್ಲ. ಪಂದ್ಯ 5–5ರಲ್ಲಿ ಸಮವಾಯಿತು. ಅದರಲ್ಲಿ ಮೂರು ಗೋಲು ಅವರವೇ.

ಬೊಬ್ರೊವ್ ಹುಟ್ಟಿದ್ದು 1922ರಲ್ಲಿ. ಬೆಳೆದದ್ದು ಲೆನಿನ್‌ಗ್ರಾಡ್ ಬಳಿಯ ಸೆಸ್ತ್ರೊರೆತ್ಸ್ಕ್ ಎಂಬ ಪಟ್ಟಣದಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯೊಂದರ ಕೆಲಸಗಾರ. ಮಗನೂ ಅದೇ ಕಾರ್ಖಾನೆಗೆ ಸೇರಿದ. ಯುದ್ಧ ಮುಗಿದ 1945ರಲ್ಲಿ ಮಾಸ್ಕೋದ ಸೇನಾ ತಂಡದ ಸ್ಟ್ರೈಕರ್ ಆಗಿ ಮೊದಲ ಲೀಗ್‌ನಲ್ಲೇ 21 ಪಂದ್ಯಗಳಿಂದ 24 ಗೋಲು! ಅದೇ ವರ್ಷ ಡೈನಮೊ ತಂಡ ಬ್ರಿಟನ್‌ಗೆ ಹೊರಟಾಗ ಅತಿಥಿ ಆಟಗಾರನಾಗಿ ಜೊತೆಗೆ ಹೋದರು. ನಾಲ್ಕು ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ. ಬೊಬ್ರೊವ್ ಆರು ಗೋಲು ಹೊಡೆದರು.

ಮರುವರ್ಷವೇ ಮೊಣಕಾಲಿಗೆ ಬಲವಾದ ಪೆಟ್ಟು. ಶಸ್ತ್ರಚಿಕಿತ್ಸೆಯಾದರೂ ನೋವು ಪೂರ್ತಿ ಹೋಗಲಿಲ್ಲ. ಆದರೂ ಬೇಸಿಗೆಯಲ್ಲಿ ಫುಟ್‌ಬಾಲ್, ಚಳಿಗಾಲದಲ್ಲಿ ಐಸ್ ಹಾಕಿ. ಆ ದೇಶದಲ್ಲಿ ಐಸ್ ಹಾಕಿ ಲೀಗ್ ಶುರುವಾಗಿದ್ದೇ 1946ರಲ್ಲಿ. ಅಲ್ಲೂ ಅವರು ಗೋಲು ಹೊಡೆಯುವುದರಲ್ಲಿ ಮುಂದು.

1950ರ ಜನವರಿಯಲ್ಲಿ ಅವರ ವಾಯುಪಡೆ ಹಾಕಿ ತಂಡ ಹೊರಟಿದ್ದ ವಿಮಾನ ಸ್ವೆರ್ದ್ಲೊವ್ಸ್ಕ್ ಬಳಿ ಬಿದ್ದು, ಅದರಲ್ಲಿದ್ದ 19 ಮಂದಿಯೂ ಸತ್ತರು. ಬೊಬ್ರೊವ್ ಅದರಲ್ಲಿರಲಿಲ್ಲ. ಏಳುವುದು ತಡವಾಗಿ ವಿಮಾನ ತಪ್ಪಿತು ಎಂಬ ಮಾತಿದೆ. ಎಲ್ಲವೂ ನಮ್ಮ ಪ್ರಯತ್ನದಿಂದಲೇ ಆಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ತಾಂಪೆರೆಯ ಕಥೆಗೂ ಸುಖಾಂತ್ಯವಿಲ್ಲ. ಎರಡು ದಿನಗಳ ನಂತರದ ಮರುಪಂದ್ಯದಲ್ಲಿ ಬೊಬ್ರೊವ್ ಮೊದಲ ಗೋಲು ಹೊಡೆದರೂ ತಂಡ 1–3ರಿಂದ ಸೋತಿತು. ಸ್ಟಾಲಿನ್ ಮತ್ತು ಟಿಟೊ ನಡುವೆ ಹಗೆಯಿದ್ದ ಕಾಲ ಅದು. ಆ ಸೋಲಿಗಾಗಿ ಬೊಬ್ರೊವ್ ಅವರ ಹಳೆಯ ಸೇನಾ ತಂಡವನ್ನೇ ವಿಸರ್ಜಿಸಲಾಯಿತು. ಮರುವರ್ಷ ಮೊಣಕಾಲು ಅವರ ಫುಟ್‌ಬಾಲ್ ಬದುಕನ್ನೂ ಮುಗಿಸಿತು. ಆಗ ವಯಸ್ಸು ಮೂವತ್ತರ ಆಸುಪಾಸು.

ಆದರೆ 1954ರಲ್ಲಿ ಸೋವಿಯತ್ ತಂಡ ಮೊದಲ ಬಾರಿಗೆ ವಿಶ್ವ ಐಸ್ ಹಾಕಿಗೆ ಹೋದಾಗ ಬೊಬ್ರೊವ್ ಇದ್ದರು. ಕೆನಡಾವನ್ನು 7–2ರಿಂದ ಸೋಲಿಸಿ ತಂಡ ಚಾಂಪಿಯನ್ ಆಯಿತು. 1956ರಲ್ಲಿ ಇಟಲಿಯ ಕೊರ್ತಿನಾದಲ್ಲಿ, ನಾಯಕನಾಗಿಯೇ ಒಲಿಂಪಿಕ್ ಚಿನ್ನ ಗೆದ್ದರು. ಮುಂದೆ ಅವರು ತರಬೇತುದಾರರಾಗಿದ್ದಾಗ ದೇಶದ ಹಾಕಿ ತಂಡ 1973 ಮತ್ತು 1974ರಲ್ಲಿ ವಿಶ್ವ ಚಾಂಪಿಯನ್ ಆಯಿತು. 1979ರಲ್ಲಿ ಅವರು ತೀರಿಕೊಂಡರು.

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದಾಗ, ಇನ್ನು ಕ್ಯಾಂಪಸ್ ಸಂದರ್ಶನದ ಬಾಗಿಲು ಮುಚ್ಚಿತೆಂದು ಹಾಸ್ಟೆಲ್ ಕೋಣೆಯಲ್ಲಿ ಮುದುರಿ ಕೂತಿದ್ದೆ. ಬೊಬ್ರೊವ್ ಬಗ್ಗೆ ಓದಿದ್ದು ಆಗಲೇ. ಸ್ನೇಹಿತರೇ, ನನಗೆ ಹಿಡಿಸಿದ್ದು ಆ ಮೂರು ಗೋಲಲ್ಲ. ಒಂದು ಆಟ ಮುಗಿದ ಮೇಲೆ ಅವರು ಇನ್ನೊಂದನ್ನು ಹುಡುಕಿಕೊಂಡು ಹೋಗಲಿಲ್ಲ; ಮೊದಲನೆಯದು ಕೈಯಲ್ಲಿದ್ದಾಗಲೇ ಎರಡನೆಯದನ್ನೂ ಕಲಿತಿದ್ದರು. ನಾನು ಬ್ಯಾಕ್ ಪರೀಕ್ಷೆಗೆ ಓದುತ್ತಲೇ ಸಂಜೆ ಒಂದು ಗಂಟೆ ಕೋಡಿಂಗ್ ಕಲಿಯಲು ಶುರು ಮಾಡಿದ್ದೇನೆ.