ನಡುಗಾದಂಬರಿಯ ಸತ್ವಪರೀಕ್ಷೆ

ಕಾದಂಬರಿಯನ್ನು ತೊಡಗುವಾಗ ಉತ್ಸಾಹವಿರುತ್ತದೆ, ಮುಗಿಸುವಾಗ ಸಮಾಧಾನವಿರುತ್ತದೆ. ಲೇಖಕನ ಸತ್ವಪರೀಕ್ಷೆ ನಡುವಿನಲ್ಲಿ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ದಾಸ್ತೊಯೆವ್‌ಸ್ಕಿ ನೆನಪಾಗುತ್ತಾನೆ.

1821ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆತ 1849ರಲ್ಲಿ ಮರಣದಂಡನೆಯ ಅಂಚಿನಿಂದ ಪಾರಾಗಿ, ಸೈಬೀರಿಯದ ಸೆರೆಯಲ್ಲಿ ನಾಲ್ಕು ವರ್ಷ ಸವೆದವನು. 1866ರಲ್ಲಿ, ಸಾಲದ ಹೊರೆಯ ನಡುವೆ, ಆತನ ‘ಅಪರಾಧ ಮತ್ತು ಶಿಕ್ಷೆ’ ಮಾಸ್ಕೋದ ಮಾಸಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರುತ್ತಿತ್ತು. ಆರು ಭಾಗಗಳ ಕಥೆ ನಾಲ್ಕನೆಯದನ್ನು ಮುಟ್ಟಿತ್ತು. ಮನೆಯವರ ಹಸಿವಿಗಾಗಿ ಮೈಮಾರಿಕೊಂಡ ಸೋನ್ಯ ಕೊಲೆಗಾರ ರಾಸ್ಕೋಲ್ನಿಕೋವನಿಗೆ ಲಾಜರಸನ ಪುನರುತ್ಥಾನವನ್ನು ಓದಿಹೇಳುವ ಅಧ್ಯಾಯ ಅದು. ಸಂಪಾದಕ ಕಟ್ಕೋವನೂ ಸಹೋದ್ಯೋಗಿ ಲ್ಯುಬೀಮೋವನೂ ಅದನ್ನು ಒಪ್ಪಲಿಲ್ಲ. ನೀತಿಗೆ ಕುಂದಾದೀತೆಂಬ ಅಳುಕು ಅವರಿಗೆ. ತನ್ನ ಬರಹದಲ್ಲಿ ಅನೀತಿಯಿಲ್ಲವೆಂದೇ ಲೇಖಕನ ನಂಬಿಕೆ. ಆದರೂ ಮತ್ತೆ ಕುಳಿತು ತಿದ್ದಿದ; ಹೊಸ ಅಧ್ಯಾಯಗಳನ್ನೇ ಬರೆದಷ್ಟು ಶ್ರಮವಾಯಿತು. ಒಳಿತು ಕೆಡುಕುಗಳ ಗೆರೆ ಸ್ಪಷ್ಟವಾಯಿತು. ಸೋನ್ಯಳ ವಾಚನವೂ ಉಳಿಯಿತು. ಆ ವರ್ಷಾಂತ್ಯಕ್ಕೆ ಕಾದಂಬರಿ ಮುಗಿಯಿತು. 1881ರಲ್ಲಿ ಆತ ತೀರಿಕೊಂಡ.

ಅಧ್ಯಾಯದ ಮೊದಲ ರೂಪ ಇಂದು ಉಳಿದಿಲ್ಲ. ಆದುದರಿಂದ ಸಂಪಾದಕರು ಕೃತಿಗೆ ಉಪಕರಿಸಿದರೋ ಅಪಚಾರವೆಸಗಿದರೋ ತೀರ್ಪು ಹೇಳುವಂತಿಲ್ಲ. ನಡುಭಾಗವನ್ನು ತಿದ್ದಿಕೊಡಿರೆಂದು ಸಂಪಾದಕರೊಬ್ಬರು ಹೇಳಿದಾಗ ಮುನಿದು ನಾನು ಹಿಂದಕ್ಕೆ ಪಡೆದ ಕಾದಂಬರಿ ಮಾತ್ರ ಇನ್ನೂ ಪೆಟ್ಟಿಗೆಯಲ್ಲೇ ಇದೆ.