ಸುರಪುರದ ಟೇಲರ್ ಸಾಹೇಬ

ಗಡಿಸೀಮೆಯ ಹಳೆಯ ಸಂಗತಿಗಳನ್ನು ಅರಸುವಾಗ ನಾವು ಮತ್ತೆ ಮತ್ತೆ ಒಬ್ಬ ಆಂಗ್ಲ ಕಾದಂಬರಿಕಾರನನ್ನು ಸಂಧಿಸುತ್ತೇವೆ. ಅವನೇ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಈತನು ಮುಂಬಯಿಯ ವರ್ತಕನೊಬ್ಬನನ್ನು ನಂಬಿ ಹದಿನೈದರ ಹರೆಯದಲ್ಲಿಯೇ ಹಡಗನ್ನೇರಿದನು. ಬಂದು ನೋಡಿದರೆ ವರ್ತಕನ ವ್ಯಾಪಾರವೇ ಕುಸಿದಿತ್ತು. ಹೊಟ್ಟೆಪಾಡಿಗೆ ನಿಜಾಮನ ಸೈನ್ಯ ಒದಗಿತು. ಕಾಲೇಜನ್ನೇ ಕಾಣದ ಆ ತರುಣನು ಹಿಂದೂಸ್ತಾನಿ, ಪಾರಸಿಗಳನ್ನು ಕಲಿತು, ಮೋಜಣಿಯನ್ನೂ ಕಾಯಿದೆಯನ್ನೂ ಸ್ವಂತ ಶ್ರಮದಿಂದಲೇ ಸಾಧಿಸಿಕೊಂಡನು. ಠಕ್ಕರ ಕೃತ್ಯಗಳನ್ನು ಕುರಿತು 1839ರಲ್ಲಿ ಪ್ರಕಟವಾದ ‘ಕನ್ಫೆಶನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಅವನಿಗೆ ಲಂಡನ್ನಿನಲ್ಲಿ ದೊಡ್ಡ ಹೆಸರನ್ನು ತಂದಿತು.

ಆದರೆ ನಮಗೆ ಅವನು ಸುರಪುರದ ಟೇಲರ್. 1841ರಲ್ಲಿ ಆ ಬೇಡ ಸಂಸ್ಥಾನಕ್ಕೆ ಕಳುಹಿಸಲ್ಪಟ್ಟ ಟೇಲರನು ಎಳೆಯ ಅರಸ ವೆಂಕಟಪ್ಪ ನಾಯಕನಿಗೆ ಪೋಷಕನಾದನು; ಬಾಲಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1844ರಲ್ಲಿ ಪತ್ನಿವಿಯೋಗವಾದ ಮೇಲೂ ಟೇಲರನು ಅಲ್ಲಿಯೇ ಉಳಿದನು. ಸುತ್ತಲಿನ ಬಯಲಿನಲ್ಲಿ ಇತಿಹಾಸಪೂರ್ವದ ಕಲ್ಗೋರಿಗಳನ್ನು ಅಗೆದು ನೋಡಿ ಅವುಗಳ ವಿಷಯವಾಗಿ ಲೇಖನಗಳನ್ನು ಬರೆದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಜನರು ಟೇಲರ್ ಮಂಜಿಲ್ ಎನ್ನುತ್ತಾರೆ.

1853ರಲ್ಲಿ ಪ್ರಾಪ್ತವಯಸ್ಕನಾದ ಅರಸನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ನಳದುರ್ಗಕ್ಕೆ ಬಂದನು. ಇಂದು ಮಹಾರಾಷ್ಟ್ರದಲ್ಲಿರುವ ಆ ಕೋಟೆ ನಮ್ಮ ಅಕ್ಕಲಕೋಟೆಗೆ ನೆರೆಯದೇ. ಪಕ್ಕದ ತುಳಜಾಪುರ ಮುಂದೆ ಅವನ ‘ತಾರಾ’ ಕಾದಂಬರಿಯ ನೆಲೆಯಾಯಿತು.

1858ರ ಫೆಬ್ರುವರಿಯಲ್ಲಿ ಸುರಪುರ ಕಂಪನಿಯ ವಿರುದ್ಧ ದಂಗೆಯೆದ್ದಿತು. ಸೆರೆಸಿಕ್ಕ ಅರಸನನ್ನು ಕಾಣಲು ಟೇಲರನು ಹೈದರಾಬಾದಿನ ಬಂದೀಖಾನೆಗೆ ಹೋದನು. ಸಾಕಿದವನೂ ಅವನೇ, ಸರಕಾರದ ಪರವಾಗಿ ಪ್ರಶ್ನಿಸುವವನೂ ಅವನೇ! ವೆಂಕಟಪ್ಪನು ಅವನನ್ನು ತಬ್ಬಿಕೊಂಡು ಅತ್ತನು. ಆದರೆ ಸಂಗಡಿಗರ ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಟೇಲರನ ಸಜ್ಜನಿಕೆಯನ್ನು ಮೆಚ್ಚುವ ನಾವು ಈ ಮೌನಕ್ಕೆ ಅದಕ್ಕಿಂತ ಹೆಚ್ಚು ತಲೆಬಾಗುತ್ತೇವೆ. ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅರಸನು ಗುಂಡೇಟಿನಿಂದ ತೀರಿಕೊಂಡನು. ಅರಸನಿಲ್ಲದ ಸುರಪುರವನ್ನು ಆಳಲು ಅದೇ ವರ್ಷ ಟೇಲರನನ್ನೇ ಕಳುಹಿಸಲಾಯಿತು.

1860ರಲ್ಲಿ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಮೇಲೆ ‘ತಾರಾ’, ‘ಸೀತಾ’ ಮೊದಲಾದವು ಹೊರಬಂದವು. ಕಣ್ಣು ಮಂಜಾದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹಿಂದಿರುಗುವಾಗ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮಾಂತೋಂ ಪಟ್ಟಣದಲ್ಲಿ ನಿಧನನಾದನು. ಅವನ ಆತ್ಮಕಥೆಯನ್ನು ಮಗಳು ಮರುವರ್ಷ ಅಚ್ಚು ಹಾಕಿಸಿದಳು.