ಎಂಟು ಸಾವಿರ ತಪ್ಪುಗಳನ್ನು ತಿದ್ದಿದವನು

ಅಮೆರಿಕದ ಮಸ್ಯಾಚುಸೆಟ್ಸ್ ಪ್ರಾಂತದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಕಾಗದ ಬರೆದಿದ್ದ. ಆತ ವೃತ್ತಿಯಿಂದ ಇಂಜಿನಿಯರು; ರಜೆಯ ದಿನಗಳಲ್ಲಿ ಪುಟ್ಟದೊಂದು ಹಾಯಿದೋಣಿಯನ್ನು ಕಡಲಿಗಿಳಿಸಿ ಸಂಜೆಯವರೆಗೆ ವಿಹರಿಸುವುದು ಆತನ ಹವ್ಯಾಸ. ನೆಲದ ಮೇಲಾದರೆ ಹಿಂದೆ ನಡೆದವರ ಹೆಜ್ಜೆ ಮೂಡಿರುತ್ತದೆ. ನೀರಿನ ಮೇಲೆ ಅದೂ ಇಲ್ಲ. ಆದ್ದರಿಂದ ದೋಣಿ ನಡೆಸುವವರು ಹೊರಡುವ ಮೊದಲೇ ನಕ್ಷೆಯ ಮೇಲೆ ಕೆಲವು ಬಿಂದುಗಳನ್ನು ಆರಿಸಿ, ಒಂದೊಂದರ ಅಕ್ಷಾಂಶ ರೇಖಾಂಶಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಇವು ಮನಸ್ಸಿನಲ್ಲಿ ನೆಟ್ಟ ಮೈಲಿಗಲ್ಲುಗಳು, ದಾರಿಗುರುತುಗಳು ಎನ್ನೋಣ. ಆ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟರೆ, ಉಪಗ್ರಹಗಳ ನೆರವಿನಿಂದ ಅದು ದೋಣಿಯನ್ನು ಕೆಲವೇ ಮಾರುಗಳ ಅಂತರದಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ.

ನನ್ನ ವಿದ್ಯಾರ್ಥಿ ಅಂಥ ಗುರುತುಗಳ ಪಟ್ಟಿಯೊಂದನ್ನು ಪರಿಚಿತರೊಬ್ಬರಿಂದ ನಕಲು ಮಾಡಿಕೊಂಡಿದ್ದನಂತೆ. ಹೊರಡುವ ಹಿಂದಿನ ರಾತ್ರಿ ಏಕೋ ಸಂದೇಹ ಬಂದು ನಕ್ಷೆಯೊಡನೆ ತಾಳೆ ನೋಡಿದ. ಒಂದು ರೇಖಾಂಶದಲ್ಲಿ ಎರಡು ಅಂಕಿಗಳು ಹಿಂದುಮುಂದಾಗಿದ್ದವು. ಯಂತ್ರ ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡಿ, ದೋಣಿಯನ್ನು ನೀರಿನೊಳಗೆ ಅಡಗಿದ್ದ ಬಂಡೆಯೊಂದರ ಮೇಲಕ್ಕೆ ಕರೆದೊಯ್ಯುತ್ತಿತ್ತು! ಇದೇ ತೀರದಲ್ಲಿ ಎರಡು ಶತಮಾನಗಳ ಹಿಂದೆ ಬೌಡಿಚ್ ಎಂಬುವನಿದ್ದ, ಅವನ ಚರಿತ್ರೆಯನ್ನು ತಾವು ಓದಬೇಕು, ಎಂದು ಕಾಗದ ಮುಗಿಸಿದ್ದ.

ಅದನ್ನೋದಿದಾಗ ನನಗೆ ನನ್ನದೇ ಒಂದು ಹಳೆಯ ಪ್ರಮಾದ ನೆನಪಾಯಿತು. ಹಳಗನ್ನಡ ಕಾವ್ಯವೊಂದರ ಪದ್ಯವನ್ನು ನಾನು ಏಳೆಂಟು ವರ್ಷ ತರಗತಿಯಲ್ಲಿ ವಿವರಿಸುತ್ತಿದ್ದೆ. ಅದರ ಒಂದು ಪದದಿಂದ ಬಹು ಸೊಗಸಾದ ಧ್ವನಿಯೊಂದನ್ನು ಹೊರಡಿಸುತ್ತಿದ್ದೆ, ಹುಡುಗರು ತಲೆದೂಗುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬೇರೊಂದು ಮುದ್ರಣದ ಪ್ರತಿಯನ್ನು ತಂದು ಮೇಜಿನ ಮೇಲಿಟ್ಟಳು. ನನ್ನ ಪುಸ್ತಕದಲ್ಲಿ ಆ ಪದದ ಒಂದು ಒತ್ತು ಅಚ್ಚಿನಲ್ಲಿ ಬಿದ್ದುಹೋಗಿತ್ತು. ಅಷ್ಟು ವರ್ಷ ನಾನು ವ್ಯಾಖ್ಯಾನ ಮಾಡುತ್ತಿದ್ದುದು ಕವಿಯ ಪ್ರತಿಭೆಗಲ್ಲ, ಮೊಳೆ ಜೋಡಿಸಿದವನ ತೂಕಡಿಕೆಗೆ! ನನ್ನ ತಪ್ಪಿನಿಂದ ಯಾರೂ ಮುಳುಗಲಿಲ್ಲ. ಆದರೆ ಅಚ್ಚಾದ ತಪ್ಪಿನಿಂದ ಮನುಷ್ಯರು ಮುಳುಗುತ್ತಿದ್ದ ಕಾಲವೊಂದಿತ್ತು. ಆ ಕಾಲದ ಮನುಷ್ಯ ನಥಾನಿಯಲ್ ಬೌಡಿಚ್.

ಆತ ಹುಟ್ಟಿದ್ದು ೧೭೭೩ರ ಮಾರ್ಚ್ ೨೬ರಂದು, ಮಸ್ಯಾಚುಸೆಟ್ಸಿನ ಸೇಲಂ ಬಂದರಿನಲ್ಲಿ. ತಂದೆ ಒಂದು ಕಾಲಕ್ಕೆ ಹಡಗು ನಡೆಸಿದವನು. ಬಳಿಕ ಮರದ ಪೀಪಾಯಿ ಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಮನೆಯಲ್ಲಿ ಮಕ್ಕಳು ಏಳು ಮಂದಿ, ಬಡತನ ಬೇರೆ. ಹತ್ತನೆಯ ವಯಸ್ಸಿಗೆ ಬಾಲಕನ ಶಾಲೆ ಮುಗಿಯಿತು. ತಂದೆಯ ಕಸಬಿಗೆ ಕೈಗೂಡಿಸಿದ. ಹನ್ನೆರಡನೆಯ ವಯಸ್ಸಿನಲ್ಲಿ ಹಗ್ಗ, ಹಾಯಿಬಟ್ಟೆ, ಮೊಳೆಗಳನ್ನು ಮಾರುವ ಹಡಗಿನ ಸಾಮಾನಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಾಗಿ ಒಂಬತ್ತು ವರ್ಷಗಳ ಕರಾರಿಗೆ ಸೇರಿದ.

ಆ ಅಂಗಡಿಯೇ ಆತನ ವಿದ್ಯಾಪೀಠವಾಯಿತು. ಹಗಲು ಗಿರಾಕಿಗಳ ಲೆಕ್ಕ, ಇರುಳು ಬೀಜಗಣಿತ. ಇಲ್ಲಿ ದೈವವೂ ಒಂದಿಷ್ಟು ನೆರವಾಯಿತೆನ್ನಬೇಕು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಆ ತೀರದ ಹಡಗೊಂದು ಶತ್ರುವಿನ ಹಡಗನ್ನು ಸೆರೆಹಿಡಿದು ತಂದಾಗ, ಅದರಲ್ಲಿ ಐರ್ಲೆಂಡಿನ ರಸಾಯನ ವಿಜ್ಞಾನಿ ರಿಚರ್ಡ್ ಕಿರ್ವಾನನ ಗ್ರಂಥಭಂಡಾರ ಸಿಕ್ಕಿತ್ತು. ಊರಿನ ವಿದ್ಯಾವಂತರು ಅದನ್ನು ಕೊಂಡು ಒಂದು ಗ್ರಂಥಾಲಯ ಸ್ಥಾಪಿಸಿದ್ದರು. ಅದರ ಬಾಗಿಲು ಈ ಗುಮಾಸ್ತ ಹುಡುಗನಿಗೂ ತೆರೆಯಿತು. ಪುಸ್ತಕ ಕೊಳ್ಳಲು ಹಣವಿಲ್ಲದ ಹುಡುಗ ಪುಟಗಟ್ಟಲೆ ಕೈಯಿಂದ ನಕಲು ಮಾಡಿಕೊಂಡ. ನ್ಯೂಟನ್ನನ ಮಹಾಗ್ರಂಥವನ್ನು ಓದಬೇಕೆಂದು ತಾನೇ ಲ್ಯಾಟಿನ್ ಕಲಿತ. ಗುರುವಿಲ್ಲದೆ ಕಲಿತವನಿಗೆ ಒಂದು ಅಭ್ಯಾಸ ತಾನಾಗಿ ಬರುತ್ತದೆ. ಹೇಳಿಕೊಡುವವರಿಲ್ಲವಾದ್ದರಿಂದ ಪ್ರತಿಯೊಂದು ಹೆಜ್ಜೆಯನ್ನೂ ಆತ ತಾನೇ ಮಾಡಿ ನೋಡಬೇಕು. ಪುಸ್ತಕ ಹೇಳಿತೆಂದು ಮುಂದಕ್ಕೆ ಹೋಗುವಂತಿಲ್ಲ.

೧೭೯೫ರಲ್ಲಿ ಬೌಡಿಚ್ ಮೊದಲ ಬಾರಿಗೆ ಕಡಲಿಗಿಳಿದ, ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ ಹೊರಟ ಹಡಗಿನ ಗುಮಾಸ್ತನಾಗಿ. ೧೮೦೩ರವರೆಗೆ ಆತ ಕೈಗೊಂಡ ಯಾತ್ರೆಗಳು ಐದು. ಈ ವರ್ಷಗಳ ನಡುವೆ ಮನೆಯಲ್ಲಿ ದುಃಖವೂ ಬಂತು. ೧೭೯೮ರಲ್ಲಿ ಮದುವೆಯಾದ, ಅದೇ ವರ್ಷ, ಆತ ಸಮುದ್ರದ ಮೇಲಿದ್ದಾಗ, ಹೆಂಡತಿ ತೀರಿಕೊಂಡಳು. ಎರಡು ವರ್ಷಗಳ ಬಳಿಕ ಮರುಮದುವೆಯಾಯಿತು.

ಅಂದಿನ ನಾವಿಕರ ಪಾಡನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ತಾನಿರುವ ಅಕ್ಷಾಂಶವನ್ನು ತಿಳಿಯಲು ನಾವಿಕನು ನಡುಹಗಲಿನಲ್ಲಿ ಸೂರ್ಯನ ಎತ್ತರವನ್ನು ಅಳೆಯುತ್ತಿದ್ದ. ಆದರೆ ಸೂರ್ಯನು ದಿನದಿನಕ್ಕೂ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನಷ್ಟೆ. ನಮ್ಮ ಜ್ಯೋತಿಷ ಗ್ರಂಥಗಳು ಇದನ್ನೇ ಕ್ರಾಂತಿ ಎನ್ನುತ್ತವೆ. ಆಯಾ ದಿನದ ಕ್ರಾಂತಿಯನ್ನು ಕೋಷ್ಟಕದಲ್ಲಿ ನೋಡಿ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರೇಖಾಂಶದ ಕಷ್ಟ ಇದಕ್ಕಿಂತ ದೊಡ್ಡದು. ನಿಖರವಾದ ಗಡಿಯಾರ ಬಹಳ ದುಬಾರಿ. ಅದಿಲ್ಲದವರು ಚಂದ್ರನಿಗೂ ಒಂದು ನಕ್ಷತ್ರಕ್ಕೂ ನಡುವಣ ಅಂತರವನ್ನು ಅಳೆದು, ಆಕಾಶವನ್ನೇ ಗಡಿಯಾರವಾಗಿ ಮಾಡಿಕೊಳ್ಳುತ್ತಿದ್ದರು. ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಅಂಶ ಚಲಿಸುತ್ತಾನೆ. ಆದ್ದರಿಂದ ಈ ಅಳತೆಯಲ್ಲಿ ಒಂದು ಕಲೆಯಷ್ಟು ತಪ್ಪಿದರೆ ರೇಖಾಂಶದಲ್ಲಿ ಮೂವತ್ತು ಕಲೆ ತಪ್ಪುತ್ತದೆ. ಇಲ್ಲಿಯೂ ಪುಟಪುಟಗಳ ಕೋಷ್ಟಕಗಳೇ ಗತಿ. ಹೀಗೆ ಹಡಗಿನ ಪ್ರಾಣ ಹಾಯಿಹಗ್ಗಗಳಲ್ಲಿದ್ದಷ್ಟೇ ಅಚ್ಚಿನ ಮೊಳೆಗಳಲ್ಲೂ ಇತ್ತು.

ಆಗ ಎಲ್ಲರ ಕೈಯಲ್ಲಿದ್ದುದು ಇಂಗ್ಲೆಂಡಿನ ಜಾನ್ ಹ್ಯಾಮಿಲ್ಟನ್ ಮೂರ್ ರಚಿಸಿದ ನೌಕಾಯಾನದ ಕೈಪಿಡಿ. ನ್ಯೂಬರಿಪೋರ್ಟಿನ ಪ್ರಕಾಶಕ ಎಡ್ಮಂಡ್ ಬ್ಲಂಟ್ ಅದನ್ನು ಅಮೆರಿಕದಲ್ಲಿ ಮರುಮುದ್ರಿಸುವಾಗ ಬೌಡಿಚ್ಚನ ನೆರವು ಬೇಡಿದ. ಮೇಲೊಂದು ನೋಟ ಹಾಯಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಬೌಡಿಚ್ ಆ ಜಾತಿಯವನಲ್ಲ. ಕಡಲ ಮೇಲಿನ ದೀರ್ಘ ವಿರಾಮದಲ್ಲಿ ಕೋಷ್ಟಕಗಳನ್ನು ಮೊದಲಿನಿಂದ ಲೆಕ್ಕಹಾಕತೊಡಗಿದ. ಸಿಕ್ಕ ತಪ್ಪುಗಳು ಒಂದೆರಡಲ್ಲ, ಎಂಟು ಸಾವಿರಕ್ಕೂ ಮೇಲೆ!

ಅವುಗಳಲ್ಲೊಂದನ್ನು ಉದಾಹರಿಸಿದರೆ ಸಾಕು. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗದಿದ್ದರೆ ಅದು ಅಧಿಕ ವರ್ಷವಲ್ಲ; ಹಾಗಾಗಿ ೧೮೦೦ರ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಮೂರನ ಪುಸ್ತಕ ಅದನ್ನು ಅಧಿಕ ವರ್ಷವೆಂದು ಎಣಿಸಿತ್ತು. ಅಲ್ಲಿಂದ ಮುಂದೆ ಕೋಷ್ಟಕದಲ್ಲಿ ಒಂದು ದಿನದ ಕ್ರಾಂತಿ ಇನ್ನೊಂದು ದಿನಕ್ಕೆ ಬಿತ್ತು. ವಿಷುವದ ಸುಮಾರಿಗೆ ಸೂರ್ಯನ ಕ್ರಾಂತಿ ದಿನಕ್ಕೆ ೨೪ ಕಲೆಯಷ್ಟು ಬದಲಾಗುತ್ತದೆ. ಅಕ್ಷಾಂಶದ ಒಂದು ಕಲೆಯೆಂದರೆ ಒಂದು ಸಮುದ್ರ ಮೈಲಿ. ಎಂದರೆ ಆ ಪುಸ್ತಕವನ್ನು ನಂಬಿದ ನಾವಿಕ, ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದೆ, ಇಪ್ಪತ್ತು ಮೈಲಿಗೂ ಮೇಲೆ ದಾರಿ ತಪ್ಪುತ್ತಿದ್ದ. ಹಡಗುಗಳು ಒಡೆದುದಕ್ಕೆ ಈ ಒಂದು ದೋಷವನ್ನೇ ಕಾರಣವೆಂದು ಹೇಳಿದವರುಂಟು.

ತಿದ್ದುಪಡಿ ಬೆಳೆದು ಬೆಳೆದು ಹಳೆಯ ಪುಸ್ತಕ ಹಳೆಯದಾಗಿ ಉಳಿಯಲಿಲ್ಲ. ೧೮೦೨ರಲ್ಲಿ ಅದು ಬೌಡಿಚ್ಚನ ಸ್ವಂತ ಹೆಸರಿನಲ್ಲಿಯೇ ಹೊರಬಂದಿತು. ಆದರೆ ಎಂಟು ಸಾವಿರ ತಪ್ಪುಗಳನ್ನು ಹೆಕ್ಕಿದ್ದು ಆತನ ಪಾಂಡಿತ್ಯವಾದರೆ, ನನಗೆ ಅದಕ್ಕಿಂತ ದೊಡ್ಡದಾಗಿ ತೋರುವ ಗುಣ ಇನ್ನೊಂದುಂಟು. ಹಡಗಿನ ಪ್ರತಿಯೊಬ್ಬನಿಗೂ ಕಲಿಸಲಾಗದ ವಿಷಯವನ್ನು ಪುಸ್ತಕದಲ್ಲಿ ಸೇರಿಸುವುದಿಲ್ಲವೆಂದು ಆತ ನಿಯಮ ಮಾಡಿಕೊಂಡಿದ್ದ. ಚಂದ್ರನ ಲೆಕ್ಕವನ್ನು ಸುಲಭವಾಗಿಸುವ ಕ್ರಮವೊಂದನ್ನು ತಾನೇ ಕಂಡುಹಿಡಿದು, ಅಸ್ಟ್ರಿಯ ಎಂಬ ಹಡಗಿನ ಸಾಮಾನ್ಯ ಖಲಾಸಿಗಳನ್ನು ಕೂರಿಸಿಕೊಂಡು ಹೇಳಿಕೊಟ್ಟ. ಕಡೆಗೆ ಆ ಹಡಗಿನ ಅಡಿಗೆಯವನೂ ಚಂದ್ರನನ್ನು ಅಳೆದು ರೇಖಾಂಶ ಹೇಳಬಲ್ಲವನಾದ. ವಿದ್ಯೆ ಕಪ್ತಾನನೊಬ್ಬನ ಸೊತ್ತಾಗಿದ್ದಾಗ ಆತನ ತಪ್ಪನ್ನು ಕಾಣುವವರಿಲ್ಲ. ಹಡಗಿನವರೆಲ್ಲ ಲೆಕ್ಕ ಬಲ್ಲವರಾದರೆ ತಪ್ಪಿಗೆ ಅಡಗಲು ಜಾಗವೆಲ್ಲಿ?

ಈ ವಿದ್ಯೆಗೆ ನಿಜವಾದ ಪರೀಕ್ಷೆ ೧೮೦೩ರ ಕ್ರಿಸ್ಮಸ್ ದಿನ ಬಂದಿತು. ಪುಟ್ನಂ ಎಂಬ ಹಡಗಿಗೆ ತಾನೇ ಕಪ್ತಾನನಾಗಿ ಬೌಡಿಚ್ ಸುಮಾತ್ರದಿಂದ ಮರಳುತ್ತಿದ್ದ. ಸೇಲಂ ಹತ್ತಿರವಾದಾಗ ದಟ್ಟವಾದ ಮಂಜು, ಹಿಮ ಬೇರೆ. ಬಂದರಿನ ಬಾಯಿಯಲ್ಲಿ ದ್ವೀಪಗಳು, ಬಂಡೆಗಳು. ಇಂಥ ಹೊತ್ತಿನಲ್ಲಿ ಹೊರಗಡಲಲ್ಲೇ ನಿಂತು ಕಾಯುವುದು ಲೋಕರೂಢಿ. ಬೌಡಿಚ್ ತನ್ನ ಲೆಕ್ಕವನ್ನು ನಂಬಿ ಮುನ್ನಡೆದ. ಮಂಜು ಒಂದು ಕ್ಷಣ ಸೀಳಿ ಬೇಕರ್ ದ್ವೀಪದ ದೀಪ ಮಿನುಗಿ ಮರೆಯಾಯಿತು. ಅದು ಇರಬೇಕಾದ ಕಡೆಯಲ್ಲೇ ಇತ್ತು. ಆ ಒಂದು ಗುರುತಿನ ಮೇಲೆ ಹಡಗನ್ನು ಒಳಕ್ಕೆ ತಂದು, ಅಂದು ಸಂಜೆಯೇ ಲಂಗರು ಇಳಿಸಿದ. ಊರಿನವರು ಇದನ್ನು ಪವಾಡವೆಂದರು. ನನಗೆ ಹಾಗೆನ್ನಿಸುವುದಿಲ್ಲ. ಪ್ರತಿಯೊಂದು ಅಂಕಿಯನ್ನೂ ತಾನೇ ಪರೀಕ್ಷಿಸಿದವನಿಗೆ ಮಾತ್ರ ಕತ್ತಲಲ್ಲಿ ಆ ಅಂಕಿಯನ್ನು ನಂಬುವ ಧೈರ್ಯ ಬರುತ್ತದೆ. ಆತನ ಸಂಶಯವೇ ಆತನ ನಂಬಿಕೆಯ ಬೇರು.

ಆ ಬಳಿಕ ಆತ ಕಡಲ ವ್ಯಾಪಾರಕ್ಕೆ ಹೋಗಲಿಲ್ಲ. ವಿಮಾ ಸಂಸ್ಥೆಯೊಂದರ ಅಧ್ಯಕ್ಷನಾದ. ಆದರೆ ತನ್ನೂರಿನ ಬಂದರನ್ನು ಮರೆಯಲಿಲ್ಲ. ಸೇಲಂ ಮತ್ತು ನೆರೆಯ ಬಂದರುಗಳನ್ನು ಅಳೆಸಿ ೧೮೦೬ರಲ್ಲಿ ನಕ್ಷೆ ಪ್ರಕಟಿಸಿದ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟವನಿಗೆ ಹಾರ್ವರ್ಡ್ ೧೮೦೨ರಲ್ಲಿ ಗೌರವ ಪದವಿಯಿತ್ತು, ೧೮೦೬ರಲ್ಲಿ ಪ್ರಾಧ್ಯಾಪಕನಾಗಲು ಕರೆಯಿತು, ಆತ ಒಪ್ಪಲಿಲ್ಲ. ಮುಂದೆ ಅದೇ ಹಾರ್ವರ್ಡಿನ ಆಡಳಿತ ಮಂಡಳಿಯನ್ನು ಸೇರಿದಾಗ ಲೆಕ್ಕಪತ್ರಗಳ ಅವ್ಯವಸ್ಥೆಯನ್ನು ಕಂಡು ಸುಮ್ಮನಿರಲಾರದೆ ಹೋದ. ಖಜಾಂಚಿ, ಬಳಿಕ ಅಧ್ಯಕ್ಷ, ಇಬ್ಬರೂ ಹುದ್ದೆ ಬಿಡುವವರೆಗೆ ಬಿಡಲಿಲ್ಲ. ಅಧ್ಯಕ್ಷ ಕರ್ಕ್‌ಲೆಂಡ್ ಬಹುಜನಪ್ರಿಯ. ಬೌಡಿಚ್ಚನ ನಾಲಿಗೆಯೋ ಮೃದುವಾದುದಲ್ಲ. ಕೋಷ್ಟಕದ ತಪ್ಪಿಗೂ ಮನುಷ್ಯನ ತಪ್ಪಿಗೂ ಆತ ಒಂದೇ ಲೇಖನಿ ಹಿಡಿದನೇನೋ. ಅದು ಆತನ ಗುಣದ ಇನ್ನೊಂದು ಮುಖ. ಮರೆಮಾಚಿದರೆ ನಾನೂ ಒಂದು ಅಚ್ಚಿನ ತಪ್ಪು ಮಾಡಿದಂತಾದೀತು.

ಲಾಪ್ಲಾಸನ ಖಗೋಳ ಗ್ರಂಥವನ್ನು ಇಂಗ್ಲಿಷಿಗೆ ತಂದುದು ಆತನ ಉತ್ತರಾರ್ಧದ ತಪಸ್ಸು. ಮೂಲದಲ್ಲಿ ಗ್ರಂಥಕರ್ತನು ಹಾರಿಹೋದ ಮೆಟ್ಟಿಲುಗಳನ್ನೆಲ್ಲ ಟಿಪ್ಪಣಿಗಳಲ್ಲಿ ಕಟ್ಟಿ, ತನ್ನ ಹಣದಿಂದಲೇ ಅಚ್ಚು ಹಾಕಿಸಿದ. ನಾಲ್ಕನೆಯ ಸಂಪುಟದ ಕರಡನ್ನು ರೋಗಶಯ್ಯೆಯಲ್ಲೂ ತಿದ್ದುತ್ತಿದ್ದು, ೧೮೩೮ರ ಮಾರ್ಚ್ ೧೬ರಂದು ಬಾಸ್ಟನ್ನಿನಲ್ಲಿ ಕಣ್ಮುಚ್ಚಿದ. ಅರವತ್ತೈದು ತುಂಬಲು ಹತ್ತು ದಿನ ಉಳಿದಿತ್ತು. ತನಗೆ ಬಾಗಿಲು ತೆರೆದ ಸೇಲಂ ಗ್ರಂಥಾಲಯಕ್ಕೆ ಉಯಿಲಿನಲ್ಲಿ ಹಣ ಬಿಟ್ಟಿದ್ದ. ಆತನ ನೌಕಾಗ್ರಂಥದ ಹಕ್ಕನ್ನು ಅಮೆರಿಕದ ಸರಕಾರ ೧೮೬೦ರ ದಶಕದಲ್ಲಿ ಕೊಂಡಿತು. ಅದು ಇಂದಿಗೂ ಪರಿಷ್ಕರಣಗೊಂಡು ಹೊರಬರುತ್ತಿದೆ. ನಾವಿಕರು ಅದನ್ನು ಬರಿಯ ಬೌಡಿಚ್ ಎಂದೇ ಕರೆಯುತ್ತಾರೆ.

ಉಪಗ್ರಹಗಳಿರುವಾಗ ಈ ಹಳೆಯ ಕಥೆಯೇಕೆಂದು ಓದುಗರು ಕೇಳಬಹುದು. ೨೦೧೪ರ ನವೆಂಬರ್ ೨೯ರಂದು, ಪ್ರಪಂಚವನ್ನು ಸುತ್ತುವ ಪಂದ್ಯದಲ್ಲಿದ್ದ ಹಾಯಿದೋಣಿಯೊಂದು, ಸಕಲ ಯಂತ್ರಗಳೂ ಸರಿಯಾಗಿದ್ದಂತೆಯೇ, ಮಾರಿಷಸ್ಸಿನ ಈಶಾನ್ಯಕ್ಕಿರುವ ಕಾರ್ಗಡೋಸ್ ಕಾರಾಜೋಸ್ ಹವಳದ ದಿಬ್ಬಕ್ಕೆ ಅಪ್ಪಳಿಸಿತು. ದಿಬ್ಬ ನಕ್ಷೆಯಲ್ಲಿತ್ತು. ಆದರೆ ವಿದ್ಯುನ್ಮಾನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದುದರಿಂದ ಕಾಣಿಸಲಿಲ್ಲ. ಪುಣ್ಯವಶಾತ್ ಒಂಬತ್ತು ಮಂದಿಯೂ ಉಳಿದರು. ತರುಣ ಬೌಡಿಚ್ ಮೊದಲು ಪಯಣಿಸಿದ ಬೂರ್ಬೋನ್ ಇರುವುದೂ ಆ ಕಡಲಿನಲ್ಲೇ. ತಾನೆಲ್ಲಿದ್ದೇನೆಂಬುದನ್ನು ಯಂತ್ರ ಹೇಳಬಲ್ಲದು. ಹೋಗಬೇಕೆಂದು ಕೊಟ್ಟ ಗುರುತು ನೀರಿನಲ್ಲಿದೆಯೋ ಬಂಡೆಯ ಮೇಲಿದೆಯೋ ಎಂಬುದನ್ನು ಕೊಟ್ಟವನೇ ನೋಡಿಕೊಳ್ಳಬೇಕು.

ನನ್ನ ವಿದ್ಯಾರ್ಥಿ ಈಗ ಯಾರ ಪಟ್ಟಿಯನ್ನೂ ಹಾಗೆಯೇ ನಕಲು ಮಾಡುವುದಿಲ್ಲವಂತೆ. ಹೊಸ ನಕ್ಷೆಯನ್ನು ಹರಡಿಕೊಂಡು, ಗುರುತನ್ನು ತಾನೇ ಆರಿಸಿ, ಒಂದರಿಂದ ಇನ್ನೊಂದಕ್ಕೆ ಎಳೆದ ಗೆರೆಯುದ್ದಕ್ಕೂ ಕಣ್ಣಾಡಿಸಿ, ಹೆಂಡತಿಯಿಂದ ಅಂಕಿಗಳನ್ನು ಗಟ್ಟಿಯಾಗಿ ಓದಿಸಿ ತಾಳೆ ನೋಡುತ್ತಾನೆ. ನಾನೂ ಪಾಠಕ್ಕೆ ಹೋಗುವ ಮುನ್ನ ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಅಂದು ಪುಸ್ತಕ ತಂದ ಹುಡುಗಿ ಈಗ ಬೇರೊಂದು ಊರಿನಲ್ಲಿ ಅಧ್ಯಾಪಕಿ. ಅಂದು ನಾನು ಕೆಂಪಾದ ಮುಖದಿಂದ ಅವಳಿಗೆ ವಂದನೆ ಹೇಳುವುದನ್ನು ಮರೆತಿದ್ದೆ. ಈ ಲೇಖನದ ನೆಪದಲ್ಲಿ ಹೇಳಿಬಿಡುತ್ತೇನೆ.